ಅಮೈನೊ ಆಮ್ಲದ ವರದಿ: ಗಂಡಿನದೋ ಹೆಣ್ಣಿನದೋ ನೋಡಿ ಓದಿ

ಗಂಡ ಹೆಂಡತಿ ಇಬ್ಬರೂ ಒಂದೇ ಬೆಳಿಗ್ಗೆ ರಕ್ತ ಕೊಟ್ಟು ಬಂದರು ಎಂದುಕೊಳ್ಳಿ. ಹಿಂದಿನ ರಾತ್ರಿ ಉಂಡದ್ದು ಒಂದೇ ಮುದ್ದೆ, ಒಂದೇ ಸಾರು. ಪ್ರೊಟೀನಿನ ಇಟ್ಟಿಗೆಗಳಾದ ಅಮೈನೊ ಆಮ್ಲಗಳ ವರದಿಯಲ್ಲಿ ಮಾತ್ರ ಲ್ಯೂಸಿನ್ ಎಂಬುದು ಅವನಿಗೆ ಹೆಚ್ಚು, ಗ್ಲೈಸಿನ್ ಎಂಬುದು ಅವಳಿಗೆ ಹೆಚ್ಚು. ಇಬ್ಬರೂ ಆರೋಗ್ಯವಾಗಿದ್ದರೂ ಹೀಗಾಗುವುದುಂಟು.

ಮೊದಲು ಹೊಟ್ಟೆಯ ವಿಚಾರ. ರಾತ್ರಿ ಊಟದ ನಂತರ ಹತ್ತು ಗಂಟೆಯಾದರೂ ಖಾಲಿ ಬಿಡಿ, ನೀರು ಕುಡಿಯಬಹುದು. ಜಿಮ್‌ನಿಂದ ನೇರವಾಗಿ ಪ್ರೊಟೀನ್ ಪುಡಿ ಕುಡಿದು ಬಂದವರ ವರದಿ ಅವರ ದೇಹದ್ದಲ್ಲ, ಡಬ್ಬದ್ದು.

ಆಮೇಲೆ ಕೊಳವೆ. ಈ ಹಂತವನ್ನು ಯಾರೂ ಕೇಳುವುದಿಲ್ಲ, ಎಡವಟ್ಟಾಗುವುದು ಇಲ್ಲೇ. ರಕ್ತವನ್ನು ಸಾಮಾನ್ಯವಾಗಿ ಹಸಿರು ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಕೊಳವೆಗೆ ತೆಗೆದು, ಬೇಗನೆ ಪ್ಲಾಸ್ಮಾ (ಕಣಗಳನ್ನು ಬಿಟ್ಟ ರಕ್ತದ ದ್ರವ) ಬೇರ್ಪಡಿಸಬೇಕು. ಮೇಜಿನ ಮೇಲೆ ಬಿಟ್ಟರೆ ಗ್ಲುಟಮಿನ್ ಒಡೆದು ಗ್ಲುಟಮೇಟ್ ಏರುತ್ತದೆ. ಕೆಂಪು ಕಣಗಳ ಆರ್ಜಿನೇಸ್ ಕಿಣ್ವ ಆರ್ಜಿನಿನ್ ಅನ್ನು ಆರ್ನಿಥಿನ್ ಮಾಡಿಬಿಡುತ್ತದೆ. ಗ್ಲುಟಮೇಟ್ ಸಹಜವಾಗಿಯೇ ಗಂಡಸರಲ್ಲಿ ತುಸು ಹೆಚ್ಚು. ಹಾಗಾಗಿ ಅವಳ ಕೊಳವೆ ತಡವಾದರೆ ಆ ವ್ಯತ್ಯಾಸವೇ ಅಳಿಸಿಹೋದೀತು. ಎಷ್ಟು ಹೊತ್ತಿಗೆ ಬೇರ್ಪಡಿಸಿದರು ಎಂದು ಸಂಕೋಚವಿಲ್ಲದೆ ಕೇಳಿ.

ಈಗ ಅಂಕಿಗಳು. ಅಳತೆ ಲೀಟರಿಗೆ ಇಷ್ಟು ಮೈಕ್ರೊಮೋಲ್ ಎಂದಿರುತ್ತದೆ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಮೂರನ್ನೂ ಒಟ್ಟಿಗೆ ನೋಡಿ. ಸ್ನಾಯು ಹೆಚ್ಚಿರುವ ಗಂಡಸರಲ್ಲಿ ಇವು ಸಾಮಾನ್ಯವಾಗಿ ಮೇಲಿರುತ್ತವೆ. ಸಹಜ ಮಿತಿ ತೋರಿಸುವ ಪಕ್ಕದ ಕಾಲಂನಲ್ಲಿ ಗಂಡು ಹೆಣ್ಣು ಬೇರೆ ಮಾಡದೆ ‘ವಯಸ್ಕರು’ ಎಂದಷ್ಟೇ ಇದ್ದರೆ, ಗಡಿಯ ಅಂಚಿನ ಬಾಣದ ಗುರುತಿಗೆ ಬೆಚ್ಚಬೇಡಿ. ಹಾಗೆಂದು ಎಲ್ಲವನ್ನೂ ಗಂಡಸುತನದ ಲೆಕ್ಕಕ್ಕೆ ಬರೆಯಬೇಡಿ: ಹೊಟ್ಟೆ ಬಂದು, ಇನ್ಸುಲಿನ್ ಮಾತು ಕೇಳದ ದೇಹದಲ್ಲೂ ಇದೇ ಮೂರು ಏರುತ್ತವೆ.

ಹೆಂಗಸರು ಮುಟ್ಟಿನ ಚಕ್ರದ ಎಷ್ಟನೆಯ ದಿನ ರಕ್ತ ಕೊಟ್ಟಿರೆಂದು ಬರೆದಿಡಿ. ಚಕ್ರದ ದ್ವಿತೀಯಾರ್ಧದಲ್ಲಿ ಪ್ರೊಜೆಸ್ಟರೋನ್ ಹಾರ್ಮೋನ್ ಏರಿದಾಗ ಹಲವು ಅಮೈನೊ ಆಮ್ಲಗಳು ಇಳಿಯುತ್ತವೆ. ಬಸುರಿನಲ್ಲೂ ಅಷ್ಟೆ. ಎರಡು ವರದಿ ಹೋಲಿಸುವುದಾದರೆ ಚಕ್ರದ ಅದೇ ಹೊತ್ತಿಗೆ ಕೊಡಿ.

ನಮ್ಮಲ್ಲಿ ವೈದ್ಯರು ಹೆಚ್ಚಾಗಿ ಬರೆಯುವುದು ಹೋಮೊಸಿಸ್ಟೀನ್ ಎಂಬ ಅಮೈನೊ ಆಮ್ಲದ ಪರೀಕ್ಷೆ ಒಂದನ್ನೇ. ಅದೂ ಗಂಡಸರಲ್ಲಿ ಒಂದೆರಡು ಮೈಕ್ರೊಮೋಲ್ ಹೆಚ್ಚು, ಅದೂ ಕೊಳವೆ ತಡವಾದರೆ ಸುಮ್ಮನೆ ಏರುವಂಥದ್ದು. ಕೊಳವೆ ಸರಿಯಿದ್ದೂ 15 ದಾಟಿದರೆ ಗಂಡು ಹೆಣ್ಣಿನ ಲೆಕ್ಕ ಬಿಟ್ಟು ಬಿ12, ಫೋಲೇಟ್ ಎಂಬ ವಿಟಮಿನ್‌ಗಳನ್ನು ನೋಡಿಸಿ, ಸಸ್ಯಾಹಾರಿಗಳಂತೂ ತಪ್ಪಿಸಲೇಬೇಡಿ.