ಡೀಸೆಲ್ ಕಾರಿನ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸುವುದು ಹೇಗೆ?

ಡೀಸೆಲ್ ಕಾರಿಗೆ ಹೊಸದಾಗಿ ಹಾಕಿದ ಎಂಜಿನ್ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಇದನ್ನು ಕಂಡು ಆಯಿಲ್ ಕೆಟ್ಟಿತೆಂದು ಗಾಬರಿಯಾಗುವವರಿದ್ದಾರೆ. ಹೇಗಿದ್ದರೂ ಕಪ್ಪಾಗುವುದೇ ತಾನೆ ಎಂದು ವರ್ಷಗಟ್ಟಲೆ ಬದಲಿಸದೆ ಬಿಡುವವರೂ ಇದ್ದಾರೆ. ಎರಡೂ ಸರಿಯಲ್ಲ. ಡೀಸೆಲ್ ಉರಿಯುವಾಗ ಹುಟ್ಟುವ ಮಸಿಯಲ್ಲಿ ಒಂದು ಪಾಲು ಪಿಸ್ಟನ್ ರಿಂಗುಗಳನ್ನು ದಾಟಿ ಆಯಿಲಿಗೆ ಸೇರುತ್ತದೆ, ಮತ್ತು ಆ ಮಸಿ ಒಂದೆಡೆ ಗಡ್ಡೆ ಕಟ್ಟದಂತೆ ಹರಡಿ ಹಿಡಿದಿಡುವುದು ಆಯಿಲಿನ ಕೆಲಸವೇ ಆದ್ದರಿಂದ ಕಪ್ಪು ಬಣ್ಣ ಅದು ಕೆಲಸ ಮಾಡುತ್ತಿರುವುದರ ಗುರುತು. ಆದರೆ ಹಾಗೆ ಹಿಡಿದಿಡುವ ಶಕ್ತಿಗೆ ಮಿತಿಯುಂಟು. ಆ ಶಕ್ತಿ ಮುಗಿದ ಮೇಲೆ ಆಯಿಲ್ ದಪ್ಪಗಾಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಎಂಬ ಭಾಗದ ಬೇರಿಂಗಿಗೆ ಹೋಗುವ ಸಣ್ಣ ದಾರಿಗಳಲ್ಲಿ ಜಿಡ್ಡು ಕಟ್ಟತೊಡಗುತ್ತದೆ. ಟರ್ಬೊ ಕೆಟ್ಟರೆ ಆಗುವ ಖರ್ಚಿನ ಮುಂದೆ ಒಂದು ಡಬ್ಬ ಆಯಿಲಿನ ಬೆಲೆ ಏನೂ ಅಲ್ಲ.

ಈಗಿನ ಹೆಚ್ಚಿನ ಡೀಸೆಲ್ ಕಾರುಗಳಿಗೆ ಸುಮಾರು 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಆಯಿಲ್ ಬದಲಿಸಬೇಕೆಂಬ ಸೂಚನೆ ಇರುತ್ತದೆ. ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಬೇರೆಯೇ ಆದ ಕಡಿಮೆ ಅವಧಿಯನ್ನು ಕೊಟ್ಟಿರುತ್ತಾರೆ. ಅದನ್ನು ಓದುವವರು ಕಡಿಮೆ. ಮೈಸೂರಿನ ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಗೆ ಹೋಗಿಬರುವಷ್ಟೇ ಓಡಾಟವಿರುವ ಕಾರಿನ ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲುತ್ತದೆ. ಮಂಡ್ಯದ ಕಡೆ ಕಬ್ಬು ಸಾಗಿಸುವ ದಿನಗಳಲ್ಲಿ ಗದ್ದೆಬದಿಯ ಮಣ್ಣುರಸ್ತೆಯಲ್ಲಿ ಓಡುವ ಕಾರು ದಿನವೂ ದೂಳು ಕುಡಿಯುತ್ತದೆ. ಇವೆರಡೂ ಕಠಿಣ ಬಳಕೆಯೇ. ಇಂಥ ಕಾರಿನ ಮಾಲೀಕರು ಮೀಟರ್ ನೋಡಿಕೊಂಡು ಕಾಯದೆ, ಕೈಪಿಡಿಯ ಆ ಪುಟದಲ್ಲಿ ಹೇಳಿರುವ ಕಡಿಮೆ ಅವಧಿಯನ್ನೇ ಪಾಲಿಸುವುದು ಒಳ್ಳೆಯದು.

ಇಡೀ ಕೆಲಸದಲ್ಲಿ ಅತಿ ಹೆಚ್ಚು ಗಮನ ಬೇಡುವುದು ಸ್ಪ್ಯಾನರ್ ಹಿಡಿಯುವ ಹಂತವಲ್ಲ, ಅಂಗಡಿಯಲ್ಲಿ ಆಯಿಲ್ ಆರಿಸುವ ಹಂತ. ಡಬ್ಬದ ಮೇಲೆ ದೊಡ್ಡದಾಗಿ ಕಾಣುವ 5ಡಬ್ಲ್ಯು-30, 15ಡಬ್ಲ್ಯು-40 ಎಂಬ ಅಂಕಿಗಳು ಆಯಿಲಿನ ಮಂದತೆಯನ್ನಷ್ಟೇ ತಿಳಿಸುತ್ತವೆ: ಮೊದಲನೆಯದು ಚಳಿಯಲ್ಲಿ ಅದು ಹೇಗೆ ಹರಿಯುತ್ತದೆ ಎಂಬುದನ್ನು, ಎರಡನೆಯದು ಎಂಜಿನ್ ಕಾದ ಮೇಲೆ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನು. ಮೈಸೂರಿನ ಚಳಿಗಾಲದ ಬೆಳಗಿನಲ್ಲೂ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪವಾದ್ದರಿಂದ, ಕೈಪಿಡಿಯಲ್ಲಿ 15ಡಬ್ಲ್ಯು-40 ಎಂದು ಹೇಳಿರುವ ಹಳೆಯ ಕಾರುಗಳಿಗೆ ಅದೇ ಸಾಕು. ದುಬಾರಿಯ ತೆಳು ಆಯಿಲ್ ಹಾಕಿದರೆ ಎಂಜಿನ್ ಹೆಚ್ಚು ಬಾಳುತ್ತದೆ ಎಂದು ತಿಳಿಯಬೇಕಾಗಿಲ್ಲ.

ಮಂದತೆಗಿಂತ ಮುಖ್ಯವಾದದ್ದು ಡಬ್ಬದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ದರ್ಜೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ, ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮದ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅಲ್ಲಿ ಸಿಕ್ಕಿಕೊಂಡ ಮಸಿಯನ್ನು ಎಂಜಿನ್ ಆಗಾಗ ತಾನೇ ಸುಟ್ಟುಹಾಕುತ್ತದೆ, ಆದರೆ ಆಯಿಲಿನಲ್ಲಿರುವ ಲೋಹಾಂಶದ ರಾಸಾಯನಿಕಗಳು ಉರಿದು ಉಳಿಯುವ ಬೂದಿ ಹಾಗೆ ಸುಟ್ಟುಹೋಗುವುದಿಲ್ಲ. ಅದು ಅಲ್ಲಿಯೇ ಸೇರುತ್ತ ಬಂದು ಕೊನೆಗೆ ಡಿಪಿಎಫ್ ಕಟ್ಟಿಕೊಳ್ಳುತ್ತದೆ. ಆದ್ದರಿಂದಲೇ ಇಂಥ ಕಾರುಗಳಿಗೆ ಕಡಿಮೆ ಬೂದಿಯ ಆಯಿಲ್ ಬೇಕು. ಡಬ್ಬದ ಮೇಲೆ ಯುರೋಪಿನ ವಾಹನ ತಯಾರಕರ ಸಂಘದ ದರ್ಜೆಯಾದ ಎಸಿಇಎ ಸಿ2 ಅಥವಾ ಸಿ3 ಎಂದೋ, ಕಾರು ತಯಾರಕರು ಸೂಚಿಸಿದ ಬೇರೆ ದರ್ಜೆಯೋ ಇದೆಯೇ ಎಂದು ಕೈಪಿಡಿಯೊಂದಿಗೆ ತಾಳೆ ನೋಡಿಯೇ ಹಣ ಕೊಡಬೇಕು. ಅಂಗಡಿಯವರು 'ಎಲ್ಲ ಡೀಸೆಲ್‌ಗೂ ಇದೇ ನಡೆಯುತ್ತದೆ' ಎಂದರೆ ಒಪ್ಪಬಾರದು. ಡಬ್ಬದ ಮುಚ್ಚಳದ ಸೀಲ್ ಒಡೆದಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇದೇ ಭೇಟಿಯಲ್ಲಿ ಆ ಮಾದರಿಗೆ ಹೊಂದುವ ಆಯಿಲ್ ಫಿಲ್ಟರ್ ಮತ್ತು ಹಳೆಯ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿನ ಹೊಸ ವಾಷರ್ ಕೊಂಡುಬಿಡುವುದು ಲೇಸು. ವಾರಂಟಿ ಅವಧಿಯಲ್ಲಿರುವ ಕಾರಾದರೆ ಈ ಕೆಲಸವನ್ನು ಅಧಿಕೃತ ಸರ್ವಿಸ್ ಕೇಂದ್ರದಲ್ಲಿಯೇ ಮಾಡಿಸುವುದು ಕ್ಷೇಮ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಬೋಲ್ಟಿನ ಅಳತೆಗೆ ಸರಿಯಾದ ರಿಂಗ್ ಅಥವಾ ಬಾಕ್ಸ್ ಸ್ಪ್ಯಾನರ್, ಫಿಲ್ಟರ್ ಬಿಚ್ಚುವ ರೆಂಚ್, ಎಂಟು ಲೀಟರ್ ಹಿಡಿಯುವ ಅಗಲ ಬಾಯಿಯ ಟಬ್, ಲಾಳಿಕೆ, ರಬ್ಬರ್ ಕೈಗವಸು ಮತ್ತು ಗ್ಯಾರೇಜಿನವರು ಬನಿಯನ್ ವೇಸ್ಟ್ ಎನ್ನುವ ಹತ್ತಿಬಟ್ಟೆಯ ಚೂರುಗಳು. ಕಾರನ್ನು ಮಟ್ಟಸವಾದ ಗಟ್ಟಿ ನೆಲದ ಮೇಲೆ ನಿಲ್ಲಿಸಬೇಕು. ನಮ್ಮ ಊರಿನ ಬಡಾವಣೆಗಳಲ್ಲಿ ಗೇಟಿನಿಂದ ರಸ್ತೆಗಿಳಿಯುವ ಇಳಿಜಾರು ಕೈಗೆ ಅನುಕೂಲವಾಗಿ ಕಂಡರೂ ಅಲ್ಲಿ ಈ ಕೆಲಸಕ್ಕೆ ಇಳಿಯಬಾರದು. ಆಯಿಲ್ ಪೂರ್ತಿ ಇಳಿಯುವುದಿಲ್ಲ, ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ತಪ್ಪು ಮಟ್ಟ ತೋರಿಸುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಕಾರು ಜಾರಬಹುದು. ನೆಲದಿಂದ ಎತ್ತರವಿರುವ ಜೀಪಿನಂಥ ವಾಹನಗಳ ಅಡಿಗೆ ಹಾಗೆಯೇ ಕೈ ಹೋಗುತ್ತದೆ. ಉಳಿದ ಕಾರುಗಳನ್ನು ಎತ್ತಬೇಕಾದರೆ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಮರದ ದಿಮ್ಮಿಯನ್ನೋ ಕಲ್ಲನ್ನೋ ಅಡ್ಡ ಇಟ್ಟು, ಜಾಕಿನಿಂದ ಎತ್ತಿದ ಮೇಲೆ ಕೈಪಿಡಿ ತೋರಿಸುವ ಜಾಗಗಳಲ್ಲಿ ಎರಡು ಗಟ್ಟಿ ಜಾಕ್ ಸ್ಟ್ಯಾಂಡುಗಳನ್ನು ಕೊಟ್ಟು ಅವುಗಳ ಮೇಲೆ ಭಾರ ಇಳಿಸಬೇಕು. ಟೈರ್ ಬದಲಿಸಲು ಕಾರಿನೊಂದಿಗೆ ಕೊಡುವ ಜಾಕ್ ಒಂದನ್ನೇ ನಂಬಿ ಕಾರಿನ ಅಡಿಗೆ ಹೋಗುವುದು ಪ್ರಾಣಕ್ಕೆ ಅಪಾಯ. ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕು ಭಾರಕ್ಕೆ ಒಮ್ಮೆಲೇ ಒಡೆಯಬಹುದಾದ್ದರಿಂದ ಅದನ್ನೂ ಆಧಾರಕ್ಕೆ ಇಡಬಾರದು.

ಎಂಜಿನನ್ನು ಐದಾರು ನಿಮಿಷ ಓಡಿಸಿ ನಿಲ್ಲಿಸಿದರೆ ಆಯಿಲ್ ತೆಳ್ಳಗಾಗಿ, ತಳದಲ್ಲಿ ಕೂತ ಕೊಳೆಯನ್ನೂ ಹೊತ್ತು ಇಳಿಯುತ್ತದೆ. ದೂರದ ಪ್ರಯಾಣ ಮುಗಿಸಿ ಬಂದ ಕೂಡಲೇ ಮಾತ್ರ ಬೋಲ್ಟಿಗೆ ಕೈ ಹಾಕಬಾರದು. ಆಗ ಆಯಿಲ್ ಚರ್ಮ ಸುಡುವಷ್ಟು ಬಿಸಿಯಿರುತ್ತದೆ. ಮೇಲಿನ ಆಯಿಲ್ ಮುಚ್ಚಳವನ್ನು ಸಡಿಲಿಸಿ, ಅಡಿಯಲ್ಲಿ ಪ್ಲಾಸ್ಟಿಕ್ ತಟ್ಟೆ ಇದ್ದರೆ ಬಿಚ್ಚಿ, ಆಯಿಲ್ ಚೇಂಬರಿನ ತಳದಲ್ಲಿರುವ ಡ್ರೈನ್ ಬೋಲ್ಟನ್ನು ಗುರುತಿಸಬೇಕು. ಗೇರ್‌ಬಾಕ್ಸಿನ ಬೋಲ್ಟೂ ಹತ್ತಿರದಲ್ಲೇ ಇರುವುದರಿಂದ ಬಿಚ್ಚುವ ಮೊದಲು ಕೈಪಿಡಿಯ ಚಿತ್ರದೊಂದಿಗೆ ಹೋಲಿಸಿ ನೋಡುವುದು ಅಗತ್ಯ. ಬೋಲ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿ, ಕೊನೆಯ ಸುತ್ತುಗಳನ್ನು ಕೈಯಿಂದ ಮೇಲಕ್ಕೆ ಒತ್ತಿ ಹಿಡಿದೇ ತಿರುಗಿಸಿ ಸರಕ್ಕನೆ ತೆಗೆದರೆ ಆಯಿಲ್ ತೋಳಿನ ಮೇಲೆ ಹರಿಯುವುದಿಲ್ಲ. ಧಾರೆ ನಿಂತು ಹನಿ ಹನಿಯಾಗುವವರೆಗೆ, ಅಂದರೆ ಹದಿನೈದು ಇಪ್ಪತ್ತು ನಿಮಿಷ, ಕಾಯಬೇಕು. ಟಬ್ಬಿನಲ್ಲಿ ಲೋಹದ ಮಿನುಗುವ ಚೂರುಗಳೋ, ಹಾಲು ಬೆರೆತಂತೆ ಬಿಳಿಚಿದ ಆಯಿಲೋ ಕಂಡುಬಂದರೆ ಅದನ್ನು ಮೆಕ್ಯಾನಿಕ್‌ಗೆ ತೋರಿಸಲೇಬೇಕು: ಮೊದಲನೆಯದು ಒಳಗಿನ ಭಾಗಗಳು ಸವೆಯುತ್ತಿರುವ ಸೂಚನೆ, ಎರಡನೆಯದು ಆಯಿಲಿಗೆ ನೀರು ಸೇರುತ್ತಿರುವ ಸೂಚನೆ.

ಹೊಸ ವಾಷರ್ ಹಾಕಿ ಬೋಲ್ಟನ್ನು ಮೊದಲು ಬೆರಳಿನಿಂದಲೇ ನಾಲ್ಕೈದು ಸುತ್ತು ತಿರುಗಿಸಬೇಕು. ಅನೇಕ ಎಂಜಿನ್ನುಗಳ ಚೇಂಬರ್ ಅಲ್ಯೂಮಿನಿಯಮ್ಮಿನದಾದ್ದರಿಂದ ಉದ್ದ ಸ್ಪ್ಯಾನರ್ ಹಿಡಿದು ಬಲ ಹಾಕಿದರೆ ಥ್ರೆಡ್ ಹೋಗುತ್ತದೆ. ಬಿಗಿಯನ್ನು ಅಳೆದು ಕೊಡುವ ಟಾರ್ಕ್ ರೆಂಚ್ ಇದ್ದವರು ಕೈಪಿಡಿಯಲ್ಲಿರುವ ಬಿಗಿಯನ್ನೇ ಕೊಡಲಿ.

ಫಿಲ್ಟರುಗಳಲ್ಲಿ ಎರಡು ಬಗೆ. ತಗಡಿನ ಡಬ್ಬಿಯಂತಿರುವುದನ್ನು ಇಡಿಯಾಗಿ ತಿರುಗಿಸಿ ತೆಗೆಯುತ್ತಾರೆ. ಹಳೆಯ ಡಬ್ಬಿಯ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡು ಉಳಿದಿದೆಯೇ ಎಂದು ಬೆರಳಾಡಿಸಿ ನೋಡುವುದನ್ನು ಮರೆಯಲೇಬಾರದು, ಏಕೆಂದರೆ ಅದರ ಮೇಲೆ ಹೊಸ ಉಂಗುರ ಕೂತರೆ ಎಂಜಿನ್ ಚಾಲೂ ಆದ ಕೆಲವೇ ನಿಮಿಷಗಳಲ್ಲಿ ಆಯಿಲೆಲ್ಲ ಹೊರಗೆ ಚೆಲ್ಲಿಹೋಗಬಹುದು. ಹೊಸ ಉಂಗುರಕ್ಕೆ ಒಂದು ಬೆರಳು ಹೊಸ ಆಯಿಲ್ ಸವರಿ, ಅದು ತಾಗಿದ ಮೇಲೆ ಮುಕ್ಕಾಲು ಸುತ್ತು ಕೈಯಿಂದಲೇ ಬಿಗಿ ಮಾಡಿದರೆ ಸಾಕು. ಫಿಲ್ಟರಿನ ಮೇಲೆ ಬೇರೆ ಸೂಚನೆ ಇದ್ದರೆ ಅದರಂತೆ ನಡೆಯಬೇಕು. ಇನ್ನೊಂದು ಬಗೆಯಲ್ಲಿ ಪ್ಲಾಸ್ಟಿಕ್ ಮುಚ್ಚಳದ ಒಳಗೆ ಮಡಿಕೆ ಕಾಗದದ ಫಿಲ್ಟರ್ ಮಾತ್ರ ಇರುತ್ತದೆ. ಇಲ್ಲಿ ಕಾಗದದ ಜೊತೆಗೆ ಮುಚ್ಚಳದ ರಬ್ಬರ್ ಓ-ರಿಂಗನ್ನೂ ಬದಲಿಸಿ, ಹೊಸದು ಹಳೆಯದಿದ್ದ ತೋಡಿನಲ್ಲೇ ಕೂತಿದೆಯೇ ಎಂದು ನೋಡಿಕೊಂಡು, ಮುಚ್ಚಳದ ಮೇಲೆ ಅಚ್ಚಾದ ಬಿಗಿಗೆ ಮೀರದಂತೆ ತಿರುಗಿಸಬೇಕು.

ಹೊಸ ಆಯಿಲನ್ನು ಅಳತೆಗಿಂತ ಅರ್ಧ ಲೀಟರ್ ಕಡಿಮೆಯೇ ಹಾಕಿ, ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಹೋಗುವುದು ಸರಿಯಾದ ಕ್ರಮ. ಹೆಚ್ಚಾದರೆ ಒಳ್ಳೆಯದೇ ಎಂಬ ನಂಬಿಕೆ ಡೀಸೆಲ್ ಎಂಜಿನ್ನಿನ ಮಟ್ಟಿಗೆ ಬಹಳ ಅಪಾಯಕಾರಿ. ಮಟ್ಟ ಮೀರಿದ ಆಯಿಲನ್ನು ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡ ಕಡೆದು ನೊರೆ ಎಬ್ಬಿಸುತ್ತದೆ. ನೊರೆಗೆ ಬೇರಿಂಗುಗಳನ್ನು ಕಾಪಾಡುವ ಶಕ್ತಿಯಿಲ್ಲ. ಇನ್ನೂ ಹೆಚ್ಚಾದರೆ ಆಯಿಲ್ ಉಸಿರುಕೊಳವೆಯ ಮೂಲಕ ಗಾಳಿಯ ದಾರಿಗೆ ಬಂದು ಇಂಧನದಂತೆಯೇ ಉರಿಯತೊಡಗಬಹುದು, ಆಗ ಕೀಲಿ ತಿರುಗಿಸಿದರೂ ಎಂಜಿನ್ ನಿಲ್ಲದೆ ಓಟ ಏರಿಸುತ್ತಲೇ ಹೋಗುತ್ತದೆ.

ಮುಚ್ಚಳ ಹಾಕಿ ಎಂಜಿನ್ ಚಾಲೂ ಮಾಡಿದ ಮೇಲೆ ಆಕ್ಸಿಲರೇಟರ್ ತುಳಿಯಬಾರದು. ಖಾಲಿಯಾಗಿದ್ದ ಫಿಲ್ಟರ್ ತುಂಬಿ ಟರ್ಬೊಗೆ ಆಯಿಲ್ ತಲುಪಲು ಕೆಲವು ಸೆಕೆಂಡು ಬೇಕು. ಆಯಿಲ್ ಒತ್ತಡದ ಕೆಂಪು ದೀಪ ಅಷ್ಟರಲ್ಲಿ ಆರದಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಬೇಕು. ದೀಪ ಆರಿದರೆ ಎರಡು ನಿಮಿಷ ಓಡಲು ಬಿಟ್ಟು, ಬೋಲ್ಟು ಮತ್ತು ಫಿಲ್ಟರಿನ ಸುತ್ತ ಹನಿಯಿದೆಯೇ ಎಂದು ಟಾರ್ಚ್ ಹಿಡಿದು ಪರೀಕ್ಷಿಸಬೇಕು. ಬಳಿಕ ಕಾರನ್ನು ಸ್ಟ್ಯಾಂಡಿನಿಂದ ಇಳಿಸಿ, ಎಂಜಿನ್ ನಿಂತು ಹತ್ತು ನಿಮಿಷವಾದ ಮೇಲೆ ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರ, ಮಟ್ಟ ಬರುವಂತೆ ಸರಿಪಡಿಸಿಕೊಳ್ಳಬೇಕು. ಸರ್ವಿಸ್ ನೆನಪಿಸುವ ಸೂಚನೆ ಇರುವ ಕಾರುಗಳಲ್ಲಿ ಅದನ್ನು ರೀಸೆಟ್ ಮಾಡಿ, ದಿನಾಂಕ ಮತ್ತು ಕಿಲೋಮೀಟರನ್ನು ಬರೆದಿಡಬೇಕು.

ಬಿಎಸ್-6 ಕಾರಿನವರು ಮುಂದಿನ ತಿಂಗಳುಗಳಲ್ಲಿ ಆಯಿಲ್ ಮಟ್ಟ ಇಳಿಯುವುದನ್ನಷ್ಟೇ ಅಲ್ಲ, ಏರುವುದನ್ನೂ ಗಮನಿಸಬೇಕು. ಡಿಪಿಎಫ್‌ನಲ್ಲಿ ಸಿಕ್ಕಿದ ಮಸಿ ಸುಡಲೆಂದು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುವಾಗ ಕಾರು ಪದೇ ಪದೇ ನಡುವೆಯೇ ನಿಂತರೆ ಆ ಡೀಸೆಲಿನಲ್ಲಿ ಒಂದಿಷ್ಟು ಆಯಿಲಿಗೆ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ. ನಗರದೊಳಗೇ ಓಡುವ ಕಾರನ್ನು ಆಗಾಗ ಶ್ರೀರಂಗಪಟ್ಟಣ ದಾಟಿ ಮಂಡ್ಯದವರೆಗೆ ಒಂದೇ ವೇಗದಲ್ಲಿ ಓಡಿಸಿ ತಂದರೆ ಆ ಸುಡುವಿಕೆ ಪೂರ್ಣಗೊಳ್ಳುತ್ತದೆ. ಮಟ್ಟ ಮೇಲಿನ ಗುರುತು ದಾಟಿದ್ದರೆ ಅವಧಿಗೆ ಕಾಯದೆ ಆಯಿಲ್ ಬದಲಿಸಬೇಕು.

ಇನ್ನು ಇಳಿಸಿದ ಹಳೆಯ ಆಯಿಲ್. ಗೆದ್ದಲು ಬಾರದಿರಲೆಂದು ಬೇಲಿಯ ಗೂಟಕ್ಕೆ, ಕೊಟ್ಟಿಗೆಯ ಮರಕ್ಕೆ ಇದನ್ನು ಬಳಿಯುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಮಳೆ ಬಂದಾಗ ಅದು ಮಣ್ಣಿಗಿಳಿದು ಬಾವಿಗೂ ನಾಲೆಗೂ ಸೇರುತ್ತದೆ, ಮತ್ತು ಅದರಲ್ಲಿರುವ ಸುಟ್ಟ ಇಂಧನದ ವಿಷಗಳು ಚರ್ಮಕ್ಕೂ ಒಳ್ಳೆಯದಲ್ಲ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಶುದ್ಧೀಕರಿಸಿ ಮತ್ತೆ ಮೂಲ ಆಯಿಲ್ ಮಾಡುವ ಪರವಾನಗಿ ಪಡೆದ ಘಟಕಗಳಿವೆ. ಖಾಲಿ ಡಬ್ಬಕ್ಕೆ ಲಾಳಿಕೆಯಿಂದ ತುಂಬಿ, ನೀರು, ಪೆಟ್ರೋಲ್, ಕೂಲೆಂಟ್ ಯಾವುದನ್ನೂ ಬೆರೆಸದೆ, ಅಂಥ ಘಟಕಗಳಿಗೆ ಹಳೆಯ ಆಯಿಲ್ ಕೊಡುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು. ಹಳೆಯ ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಉಳಿದ ಆಯಿಲನ್ನೆಲ್ಲ ಸೋಸಿಕೊಂಡು, ಅದನ್ನೂ ಡಬ್ಬದ ಜೊತೆಯಲ್ಲೇ ಕೊಡಬೇಕು.