ತಣ್ಣನೆಯ ಪ್ಯಾನಿನಲ್ಲಿ ಸ್ಟೀಕ್: ಬೇಸಿಗೆಯ ರಾತ್ರಿಯೂಟಕ್ಕೆ ನಾನು ಕಂಡುಕೊಂಡ ದಾರಿ

ಪ್ಯಾನ್ ಕಾಯಿಸದೆ, ಎಣ್ಣೆ ಹಾಕದೆ ಸ್ಟೀಕ್ (ದಪ್ಪಗೆ ಕೊಯ್ದ ದನದ ಮಾಂಸದ ತುಂಡು) ಇಡುತ್ತೇನೆ ಅಂದರೆ ಅಡುಗೆ ಬಲ್ಲವರು ಯಾರೂ ಒಪ್ಪುತ್ತಿರಲಿಲ್ಲ. "ಅದು ಬೇಯುತ್ತೆ ಅಷ್ಟೇ, ಕಂದು ಬಣ್ಣ ಬರಲ್ಲ", "ನೀರು ಬಿಟ್ಟು ಚಪ್ಪಲಿ ಚರ್ಮ ಆಗುತ್ತೆ" ಅನ್ನುವ ಮಾತೇ ಎಲ್ಲರದ್ದೂ. ಈಗ ಅವರೇ ಯಾವ ಪ್ಯಾನ್, ಎಷ್ಟು ನಿಮಿಷ ಅಂತ ಕೇಳುತ್ತಿದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಬರೆದೇ ಬಿಡುತ್ತಿದ್ದೇನೆ. ಅಳತೆಗಳು ನೆನಪಿನಿಂದ ಬರೆದವು, ಅರ್ಧ ನಿಮಿಷ ಆಚೀಚೆ ಇಟ್ಟುಕೊಳ್ಳಿ.

ಈ ದಾರಿ ಹಿಡಿದದ್ದು ಬೇಸಿಗೆಯ ಕಾರಣಕ್ಕೆ. ಬೀಡುಕಬ್ಬಿಣದ ಪ್ಯಾನ್ ಹೊಗೆ ಬರುವಷ್ಟು ಕಾಯಿಸಿ, ಎಣ್ಣೆ ಸುರಿದು, ಮಾಂಸ ಇಟ್ಟರೆ ರುಚಿಗೇನೂ ಕೊರತೆಯಿಲ್ಲ. ಆದರೆ ಅಡುಗೆಮನೆ ತುಂಬ ಹೊಗೆ, ಒಲೆಯ ಸುತ್ತ ಒಂದು ಮಾರು ಎಣ್ಣೆಯ ಹನಿ, ಕಿಟಕಿ ತೆರೆದರೂ ಹೋಗದ ಧಗೆ. ಓವನ್‌ನಲ್ಲಿ ನಿಧಾನಕ್ಕೆ ಬೇಯಿಸಿ ಕೊನೆಗೆ ಪ್ಯಾನಿಗೆ ಹಾಕುವ ಕ್ರಮಕ್ಕೆ ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತು ಓವನ್ ಉರಿಸಿದರೆ ಮನೆಯೇ ಓವನ್. ಕೆಲಸ ಮುಗಿಸಿ ಬಂದ ಸಂಜೆ ಎರಡೂ ಬೇಡ.

ಮೊದಲು ಮಾಂಸ, ಯಾಕೆಂದರೆ ದುಡ್ಡು ಹಾಳಾಗುವುದು ಅಲ್ಲೇ. ಈ ವಿಧಾನಕ್ಕೆ ದಪ್ಪವೇ ಜೀವಾಳ. 3.5ರಿಂದ 4 ಸೆಂಟಿಮೀಟರ್ ದಪ್ಪದ ಸ್ಟ್ರಿಪ್ (ಸೊಂಟದ ಕಡೆಯ ಬೆನ್ನಿನ ತುಂಡು) ಅಥವಾ ರಿಬ್‌ಐ (ಪಕ್ಕೆಲುಬಿನ ಕಡೆಯದ್ದು) ಇದ್ದರೆ ಕಣ್ಣು ಮುಚ್ಚಿ ಮಾಡಬಹುದು. 2.5 ಸೆಂಟಿಮೀಟರಿನದ್ದಾದರೆ ನಿಗಾ ಬೇಕು. ಎರಡಕ್ಕಿಂತ ತೆಳುವಾದರೆ ಬಿಟ್ಟುಬಿಡಿ, ಹೊರಗೆ ಬಣ್ಣ ಹಿಡಿಯುವ ಮೊದಲೇ ಒಳಗೆ ಬೆಂದು ಮುಗಿದಿರುತ್ತದೆ. ಇಬ್ಬರಿಗೆ ಅಂತ 225 ಗ್ರಾಂನ ಎರಡು ತೆಳು ತುಂಡು ತರುವವರೇ ಹೆಚ್ಚು. ಅದೇ ತೂಕಕ್ಕೆ, ಅದೇ ದುಡ್ಡಿಗೆ 450 ಗ್ರಾಂನ ಒಂದೇ ದಪ್ಪ ತುಂಡು ಕತ್ತರಿಸಿಕೊಡಲು ಹೇಳಿ, ಬೇಯಿಸಿ, ಹೋಳು ಮಾಡಿ ಹಂಚಿ. ಖರ್ಚು ಒಂದು ಕಾಸೂ ಹೆಚ್ಚಲ್ಲ, ಕೆಡುವ ಸಾಧ್ಯತೆ ಅರ್ಧಕ್ಕರ್ಧ ಕಡಿಮೆ.

ಬೆನ್ನೆಲುಬಿನ ಒಳಭಾಗದ ಟೆಂಡರ್‌ಲಾಯಿನ್‌ಗೆ ದುಡ್ಡು ಸುರಿಯಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮೆತ್ತಗಿರುತ್ತದೆ, ನಿಜ. ಆದರೆ ನೆಣವೇ ಇಲ್ಲ, ಎಣ್ಣೆ ಹಾಕದ ಪ್ಯಾನಿನಲ್ಲಿ ಬಿಡಲು ಅದರ ಹತ್ತಿರ ಏನೂ ಇರುವುದಿಲ್ಲ, ಅಂಟಿಕೊಳ್ಳುತ್ತದೆ. ಕೈ ಬಿಗಿ ಇದ್ದಾಗ ಫ್ಲ್ಯಾಟ್ ಐರನ್ ತನ್ನಿ. ಭುಜದ ಭಾಗದ್ದು, ರಿಬ್‌ಐಗಿಂತ ಸಾಕಷ್ಟು ಅಗ್ಗ, ಮೆತ್ತಗೂ ಇರುತ್ತದೆ. ನಡುವಿನ ಗಟ್ಟಿ ನಾರಿನ ಪದರ ತೆಗೆದಿದ್ದಾರೆಯೇ ಅಂತ ಮಾತ್ರ ನೋಡಿ. ಅದು ಉಳಿದಿದ್ದರೆ ಯಾವ ಉರಿಗೂ ಜಗ್ಗುವುದಿಲ್ಲ.

ಉಪ್ಪು ಮಾಂಸದ ತೂಕದ ಶೇಕಡಾ ಒಂದರಷ್ಟು. 450 ಗ್ರಾಂಗೆ ಪುಡಿ ಉಪ್ಪು ಮುಕ್ಕಾಲು ಟೀ ಚಮಚ. ಬೆಳಿಗ್ಗೆ ಮನೆ ಬಿಡುವ ಮುಂಚೆ ಹಚ್ಚಿ, ತಂತಿ ಜಾಲರಿಯ ಮೇಲಿಟ್ಟು, ಮುಚ್ಚದೆ ಫ್ರಿಜ್‌ನಲ್ಲಿ ಬಿಡಿ. ಸಂಜೆಗೆ ಮೇಲ್ಮೈ ಮುಟ್ಟಿದರೆ ಕಾಗದದಂತೆ ಒಣಗಿರಬೇಕು. ಮರೆತರೆ ಒಲೆಗೆ ಇಡುವ ಕ್ಷಣದಲ್ಲೇ ಹಾಕಿ. ಹತ್ತು ನಿಮಿಷದಿಂದ ಅರ್ಧ ಗಂಟೆ ಮುಂಚೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಉಪ್ಪು ಒಳಗಿನ ನೀರನ್ನು ಮೇಲಕ್ಕೆ ಎಳೆದಿರುತ್ತದೆ, ಅದು ವಾಪಸ್ ಒಳಗೆ ಹೋಗುವಷ್ಟು ಹೊತ್ತು ಸಿಕ್ಕಿರುವುದಿಲ್ಲ. ಆ ನೀರು ಆವಿಯಾಗುವ ತನಕ ಮೇಲ್ಮೈ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಕಂದು ಬಣ್ಣ ಚುರುಕಾಗಿ ಹಿಡಿಯಲು 140ರ ಮೇಲೆ ಬೇಕು. "ಬೇಯುತ್ತೆ, ಬಣ್ಣ ಬರಲ್ಲ" ಅನ್ನುವವರ ಸಮಸ್ಯೆ ಮುಕ್ಕಾಲು ಪಾಲು ಇದೇ, ತಣ್ಣನೆಯ ಪ್ಯಾನ್ ಅಲ್ಲ.

ಅಡುಗೆಗೆ ಮುಂಚೆ ಅರ್ಧ ಗಂಟೆ ಹೊರಗಿಡಬೇಕು ಅನ್ನುವ ಪದ್ಧತಿಯನ್ನೂ ಕೈಬಿಟ್ಟಿದ್ದೇನೆ. ದಪ್ಪ ತುಂಡಿನ ನಡುಭಾಗ ಅಷ್ಟರಲ್ಲಿ ಕೆಲವೇ ಡಿಗ್ರಿ ಏರುತ್ತದೆ. ಸೆಖೆಗಾಲದಲ್ಲಿ ಹಸಿ ಮಾಂಸವನ್ನು ಕಟ್ಟೆಯ ಮೇಲೆ ಇಡುವುದು ಒಳ್ಳೆಯದೂ ಅಲ್ಲ. ಫ್ರಿಜ್‌ನಿಂದ ನೇರ ಪ್ಯಾನಿಗೆ.

ಇನ್ನು ಪ್ಯಾನ್. ಇಲ್ಲಿ ಬಹಳ ಜನ ಎಡವುತ್ತಾರೆ. ಬೀಡಿನ ಪ್ಯಾನ್ ಈ ಕೆಲಸಕ್ಕೆ ಬಾರದು. ಅದು ಕಾಯುವುದು ನಿಧಾನ, ಮಾಂಸ ಮೇಲಿದ್ದರೆ ಇನ್ನೂ ನಿಧಾನ. ಸ್ಟೇನ್‌ಲೆಸ್ ಸ್ಟೀಲ್ ಪ್ಯಾನಿನಲ್ಲಿ ಎಣ್ಣೆ ಇಲ್ಲದೆ ಇಟ್ಟರೆ ಮೇಲ್ಪದರ ತಳದಲ್ಲೇ ಉಳಿದು ಬರೀ ಮಾಂಸ ಕೈಗೆ ಬರುತ್ತದೆ. ಎಣ್ಣೆ ಹಿಡಿದು ಪಳಗಿದ ಕಾರ್ಬನ್ ಸ್ಟೀಲ್ ಪ್ಯಾನ್ ಉತ್ತಮ, ನಾನ್‌ಸ್ಟಿಕ್ ಕೂಡ ನಡೆಯುತ್ತದೆ. ನಾನ್‌ಸ್ಟಿಕ್ ಆದರೆ ಎರಡು ಎಚ್ಚರ: ಬರಿದಾಗಿ ಕಾಯಿಸಬಾರದು, ಜೋರು ಉರಿ ನಾಲ್ಕು ನಿಮಿಷ ಮೀರಬಾರದು. ಆ ಲೇಪನ ಸುಮಾರು 260 ಡಿಗ್ರಿ ದಾಟಿದರೆ ಹಾಳಾಗಲು ಶುರುವಾಗುತ್ತದೆ. ಒಂದು ತುಂಡಿಗೆ 24ರಿಂದ 26 ಸೆಂಟಿಮೀಟರ್, ಎರಡಕ್ಕೆ 30. ಚಿಕ್ಕ ತುಂಡನ್ನು ಅಗಲ ಪ್ಯಾನಿನಲ್ಲಿಟ್ಟರೆ ಖಾಲಿ ಜಾಗದಲ್ಲಿ ನೆಣ ಸೀದು ಹೊಗೆ ಬರುತ್ತದೆ, ಎಲ್ಲ ಪ್ರಯತ್ನವೂ ವ್ಯರ್ಥ.

ಈಗ ಒಲೆ. ತುಂಡನ್ನು ಒಮ್ಮೆ ಒರೆಸಿ ತಣ್ಣನೆಯ ಪ್ಯಾನಿನಲ್ಲಿಡಿ, ಅಂಗೈಯಿಂದ ಒತ್ತಿ ತಳ ಪೂರ್ತಿ ತಾಗುವಂತೆ ಮಾಡಿ, ಆಮೇಲೆ ಜೋರು ಉರಿ. ಮೊದಲ ಒಂದು ನಿಮಿಷ ಏನೂ ಆಗುವುದಿಲ್ಲ, ಸದ್ದೇ ಇಲ್ಲ. ಗಾಬರಿಯಾಗಿ ಎಣ್ಣೆ ಹಾಕುವವರು ಹಾಕುವುದು ಇಲ್ಲೇ, ಹಾಕಬೇಡಿ. ಒಂದೂವರೆ ನಿಮಿಷಕ್ಕೆ ಸಣ್ಣಗೆ ಚರ್ರ್ ಅನ್ನುತ್ತದೆ, ಅಂಚಿನಲ್ಲಿ ನೆಣ ಮಣಿಮಣಿಯಾಗಿ ಜಿನುಗುತ್ತದೆ. ಎರಡು ನಿಮಿಷಕ್ಕೆ ಮಗುಚಿ. ಬಂದ ಮುಖ ಬೂದು, ಅಲ್ಲಲ್ಲಿ ತಿಳಿಕಂದು, ನೋಡಲು ಅಸಹ್ಯ. ಹಾಗೇ ಇರಬೇಕು. ಇನ್ನೊಂದು ಮುಖಕ್ಕೂ ಎರಡು ನಿಮಿಷ ಜೋರು ಉರಿ.

ನಾಲ್ಕನೇ ನಿಮಿಷಕ್ಕೆ ಉರಿ ಹದಕ್ಕೆ ಇಳಿಸಿ, ಮಗುಚಿ. ಇಲ್ಲಿಂದ ಮುಂದೆ ಎರಡೆರಡು ನಿಮಿಷಕ್ಕೆ ಮಗುಚುತ್ತಾ ಹೋಗುವುದೇ ಕೆಲಸ. "ಸ್ಟೀಕ್ ಒಂದೇ ಸಲ ಮಗುಚಬೇಕು" ಅನ್ನುವ ಮಾತನ್ನು ಇಲ್ಲಿ ಮರೆತುಬಿಡಿ. ಮೇಲೆ ಬಂದ ಮುಖ ಸ್ವಲ್ಪ ಆರುತ್ತದೆ, ಕೆಳಗಿನದ್ದು ಕಾಯುತ್ತದೆ, ಶಾಖ ಎರಡೂ ಕಡೆಯಿಂದ ಮೆಲ್ಲಗೆ ನಡುವಿಗೆ ಇಳಿಯುತ್ತದೆ. ಕೊಯ್ದು ನೋಡಿದರೆ ಅಂಚಿನ ಬೂದು ಪಟ್ಟಿ ಕೆಲವೇ ಮಿಲಿಮೀಟರ್, ಉಳಿದದ್ದೆಲ್ಲ ಒಂದೇ ಗುಲಾಬಿ. ಆರನೇ, ಎಂಟನೇ ನಿಮಿಷದ ಮಗುಚುವಿಕೆಯಲ್ಲಿ ಬಣ್ಣ ಇದ್ದಕ್ಕಿದ್ದಂತೆ ಗಾಢವಾಗುತ್ತದೆ. ಅಲ್ಲಿಯವರೆಗೆ ತಾಳ್ಮೆ ಬೇಕು.

ಕಿವಿ ಪ್ಯಾನಿನ ಮೇಲಿರಲಿ. ಚರ್ರ್ ಅನ್ನುವ ಸದ್ದು ಗುಳುಗುಳು ಆಯಿತೆಂದರೆ ನೀರು ನಿಂತಿದೆ ಅಂತ ಅರ್ಥ. ಇಕ್ಕಳದಲ್ಲಿ ಮಾಂಸ ಎತ್ತಿ ಹಿಡಿದು, ಒಲೆ ಆರಿಸಿ, ಪೇಪರ್ ಟವೆಲ್‌ನಿಂದ ತಳ ಒರೆಸಿ, ಒಂದು ನಿಮಿಷ ಉರಿ ಏರಿಸಿ ಮುಂದುವರಿಸಿ. ಎರಡು ತುಂಡಿನ ನಡುವೆ ಎರಡು ಬೆರಳು ಜಾಗ ಬಿಡದಿದ್ದರೆ, ಇಲ್ಲವೇ ಒಟ್ಟು 900 ಗ್ರಾಂ ಮೀರಿಸಿದರೆ ಇದು ಆಗಿಯೇ ಆಗುತ್ತದೆ. ಸದ್ದು ಜೋರಾಗಿ ಹೊಗೆಯ ಎಳೆ ಕಂಡರೆ ಉರಿ ಹೆಚ್ಚಾಗಿದೆ.

ಇಂಡಕ್ಷನ್ ಒಲೆಯವರು ಪೂರ್ತಿ ಶಕ್ತಿ ಹಾಕಬೇಡಿ, ಹತ್ತರಲ್ಲಿ ಏಳು ಸಾಕು. ತೆಳು ಕಾರ್ಬನ್ ಸ್ಟೀಲ್ ಪ್ಯಾನಿನ ನಡುಭಾಗ ಥಟ್ಟನೆ ಕಾದು ಉಬ್ಬುತ್ತದೆ, ಒಮ್ಮೆ ಉಬ್ಬಿದರೆ ಆ ಪ್ಯಾನಿಗೆ ಕೊಟ್ಟ ದುಡ್ಡು ಹೋಯಿತೆಂದೇ ಲೆಕ್ಕ. ವಿದ್ಯುತ್ ಕಾಯಿಲ್ ಒಲೆಯಲ್ಲಿ ಉರಿ ಇಳಿಸಿದರೂ ಶಾಖ ಇಳಿಯಲು ಹೊತ್ತು ಹಿಡಿಯುತ್ತದೆ, ಅಲ್ಲಿ ಮೂರನೇ ನಿಮಿಷಕ್ಕೇ ಇಳಿಸಿ.

ಥರ್ಮಾಮೀಟರ್ ಇಲ್ಲದೆ ಈ ದಾರಿಗೆ ಇಳಿಯಬೇಡಿ. ಹಾಳಾದ ಒಂದೆರಡು ಒಳ್ಳೆಯ ಸ್ಟೀಕಿನ ದುಡ್ಡಿಗೆ ಸಾಧಾರಣ ಡಿಜಿಟಲ್ ಕಡ್ಡಿ ಬರುತ್ತದೆ. ಮೇಲಿಂದ ಚುಚ್ಚಬೇಡಿ, ಪಕ್ಕದಿಂದ ಅಡ್ಡಲಾಗಿ ನಡುವಿನವರೆಗೆ ತೂರಿಸಿ. ಎಂಟನೇ ನಿಮಿಷದಿಂದ ನೋಡಲು ಶುರು ಮಾಡಿ. ನಸುಗೆಂಪು ಮೀಡಿಯಂ ರೇರ್‌ಗೆ 50 ಡಿಗ್ರಿಗೆ ತೆಗೆಯಿರಿ, ಒಲೆಯಿಂದ ಇಳಿಸಿದ ಮೇಲೆ 53-54ಕ್ಕೆ ಏರುತ್ತದೆ. ಇನ್ನೂ ಸ್ವಲ್ಪ ಬೆಂದ ಮೀಡಿಯಂಗೆ 55-56ಕ್ಕೆ ತೆಗೆಯಿರಿ. ಕಾದ ಪ್ಯಾನಿನ ಸ್ಟೀಕ್ ಐದಾರು ಡಿಗ್ರಿ ಏರಬಹುದು, ಇದು ಮೂರ್ನಾಲ್ಕಷ್ಟೇ, ಹಳೆಯ ಲೆಕ್ಕದಲ್ಲಿ ಬೇಗ ತೆಗೆದುಬಿಡಬೇಡಿ. ಒಟ್ಟು ಹತ್ತರಿಂದ ಹದಿನಾಲ್ಕು ನಿಮಿಷ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿಗೆ ಹೇಳುವುದು 63 ಡಿಗ್ರಿ ಮತ್ತು ಮೂರು ನಿಮಿಷ ಬಿಡುವು. ಬಸುರಿಯರು, ಪುಟ್ಟ ಮಕ್ಕಳು, ವಯಸ್ಸಾದವರು ತಿನ್ನುವುದಾದರೆ ಅದೇ ಸರಿ. ಮೆತ್ತಗಾಗಲೆಂದು ಸೂಜಿಯಿಂದ ಚುಚ್ಚಿದ ಮಾಂಸಕ್ಕೂ ಅದೇ, ಮೇಲಿನ ರೋಗಾಣು ಒಳಗೆ ಹೋಗಿರುತ್ತದೆ.

ಕೊನೆಯ ಒಂದು ನಿಮಿಷ ತುಂಡನ್ನು ಇಕ್ಕಳದಲ್ಲಿ ಹಿಡಿದು ನೆಣದ ಅಂಚಿನ ಮೇಲೆ ನಿಲ್ಲಿಸಿ. ಎರಡನೇ ಮಗುಚುವಿಕೆಗೂ ಮೂರನೆಯದಕ್ಕೂ ನಡುವೆ ನಾನು ಮಾಡುವ ಇನ್ನೊಂದು ಕೆಲಸವಿದೆ, ಆ ಗರಿಗರಿ ಪದರದ ಅರ್ಧ ಗುಟ್ಟು ಅದೇ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದಿಲ್ಲದೆಯೂ ಚೆನ್ನಾಗೇ ಬರುತ್ತದೆ. ಕಾಳುಮೆಣಸು ಪ್ಯಾನಿನಲ್ಲಿ ಸೀಯುತ್ತದೆ, ಕೊನೆಗೆ ಹಾಕಿ.

ಪಕ್ಕದ ಪ್ರಯೋಗಗಳದ್ದೇ ಒಂದು ದೊಡ್ಡ ಕತೆ. ಚಿಟಿಕೆ ಸಕ್ಕರೆ ಉದುರಿಸಿದರೆ ಬಣ್ಣ ಎರಡು ನಿಮಿಷ ಮುಂಚೆ ಬರುತ್ತದೆ, ಆಮೇಲೆ ಕಹಿ. ಅಡುಗೆ ಸೋಡಾ ಸವರಿದರೆ ಕಡುಕಂದು, ಜೊತೆಗೆ ಸಾಬೂನಿನ ರುಚಿ. ಮೆಕ್ಕೆಜೋಳದ ಪಿಷ್ಟ (ಕಾರ್ನ್‌ಫ್ಲೋರ್) ಉಪ್ಪಿನೊಂದಿಗೆ ಹಚ್ಚಿದರೆ ಮೇಲ್ಮೈ ಒಣಗುವುದೇನೋ ನಿಜ, ಆದರೆ ಬಾಯಿಗೆ ಸಿಗುವುದು ಹಿಟ್ಟಿನ ಪದರ, ಮಾಂಸದ್ದಲ್ಲ. ಮಯೋನೀಸ್ ಮಾತ್ರ ಪರವಾಗಿಲ್ಲ: ಅಂಚಿನಲ್ಲಿ ನೆಣ ಕಡಿಮೆಯಿರುವ ಫ್ಲ್ಯಾಟ್ ಐರನ್‌ಗೆ ಕಾಲು ಚಮಚ ತೆಳ್ಳಗೆ ಸವರಿದರೆ ಅಂಟುವುದಿಲ್ಲ, ಬಣ್ಣವೂ ಸಮವಾಗಿ ಬರುತ್ತದೆ. ಹೆಪ್ಪುಗಟ್ಟಿದ ಸ್ಟೀಕನ್ನು ಹಾಗೇ ಇಡುವುದು ಪೂರ್ತಿ ಸೋಲು. ಕರಗಿದ ನೀರು ಕಾಯದ ಪ್ಯಾನಿನಲ್ಲಿ ಕೆರೆಯಾಗಿ ನಿಲ್ಲುತ್ತದೆ. ಹೆಪ್ಪುಗಟ್ಟಿದ್ದಕ್ಕೆ ಕಾದ ಪ್ಯಾನೇ ಬೇಕು.

ತೆಗೆದ ಮಾಂಸವನ್ನು ತಟ್ಟೆಯ ಮೇಲಲ್ಲ, ಜಾಲರಿಯ ಮೇಲಿಡಿ. ತಟ್ಟೆಯಲ್ಲಿಟ್ಟರೆ ಕೆಳಮುಖ ಬೆವತು ಮೆತ್ತಗಾಗುತ್ತದೆ. ಐದರಿಂದ ಏಳು ನಿಮಿಷ ಬಿಡುವು, ಅಲ್ಯೂಮಿನಿಯಂ ಹಾಳೆ ಮುಚ್ಚುವುದು ಬೇಡ. ಇದೇ ಹೊತ್ತಿನಲ್ಲಿ ಊಟದ ಉಳಿದರ್ಧ ಆಗುತ್ತದೆ. ಪ್ಯಾನಿನಲ್ಲಿ ಒಂದು ಚಮಚ ನೆಣ ಉಳಿಸಿ ಮಿಕ್ಕದ್ದನ್ನು ಬಗ್ಗಿಸಿ ತೆಗೆಯಿರಿ, ಎರಡು ತೆನೆಯ ಬಿಡಿಸಿದ ಮೆಕ್ಕೆಜೋಳ ಹಾಕಿ ಜೋರು ಉರಿಯಲ್ಲಿ ಎರಡೂವರೆ ನಿಮಿಷ. ಕಾಳು ಸಿಡಿಯುತ್ತದೆ, ಮುಖ ದೂರ ಇರಲಿ.

ಟೊಮೆಟೊ, ಸೌತೆಕಾಯಿ ಮೊದಲೇ ಹೆಚ್ಚಿ, ಅರ್ಧ ಟೀ ಚಮಚ ಉಪ್ಪು ಬೆರೆಸಿ, ಸ್ಟೀಕ್ ಒಲೆಗೇರುವಾಗ ಪಕ್ಕಕ್ಕಿಟ್ಟಿರಬೇಕು. ಕಾಲು ಗಂಟೆಯಲ್ಲಿ ಬಟ್ಟಲಿನ ತಳದಲ್ಲಿ ಮೂರು ನಾಲ್ಕು ಚಮಚ ರಸ ಬಿಟ್ಟಿರುತ್ತದೆ. ಆ ರಸಕ್ಕೆ ಜಾಲರಿಯ ಕೆಳಗೆ ತೊಟ್ಟಿಕ್ಕಿದ ಮಾಂಸದ ರಸ, ಅರ್ಧ ನಿಂಬೆಹಣ್ಣು, ಒಂದು ಚಮಚ ಆಲಿವ್ ಎಣ್ಣೆ ಸೇರಿಸಿ ಕಲಕಿದರೆ ಸಾಸ್ ಅಂತ ಬೇರೆ ಮಾಡುವುದೇ ಬೇಡ. ಮೇಲೆ ಉಪ್ಪು ಹಾಕುವ ಮೊದಲು ರುಚಿ ನೋಡಿ, ಮಾಂಸದ ರಸದಲ್ಲೇ ಸಾಕಷ್ಟಿರುತ್ತದೆ.

ಹೋಳು ಒಂದು ಸೆಂಟಿಮೀಟರ್ ದಪ್ಪ, ಎಳೆಗೆ ಅಡ್ಡವಾಗಿ. ಫ್ಲ್ಯಾಟ್ ಐರನ್ ಇನ್ನೂ ತೆಳ್ಳಗಿರಲಿ, ಅರ್ಧ ಸೆಂಟಿಮೀಟರ್. ಉಳಿದದ್ದನ್ನು ಕೊಯ್ಯದೆ ಇಡೀ ತುಂಡಾಗಿ ಫ್ರಿಜ್‌ಗೆ ಹಾಕಿ. ಮರುದಿನ ಬಿಸಿ ಮಾಡಲು ಹೋಗಬೇಡಿ, ತಣ್ಣಗಿದ್ದಾಗಲೇ ಕಾಗದದಷ್ಟು ತೆಳ್ಳಗೆ ಕೊಯ್ದು ಅದೇ ಟೊಮೆಟೊ ರಸದಲ್ಲಿ ಕಲಸಿ ತಿನ್ನಿ.