ನಾಲ್ಕನೇ ಗೇರಿನಲ್ಲಿ ಬೆಟ್ಟ: ನನ್ನ ರೋಡ್‌ಕಿಂಗ್ ಟ್ಯೂನ್ ಮಾಡಿದ ಅನುಭವ

ಎಂಜಿನ್ ಶಕ್ತಿ ಅಳೆಯುವುದಕ್ಕೆ ದೊಡ್ಡ ಗ್ಯಾರೇಜುಗಳಲ್ಲಿ ಡೈನೋ ಅಂತ ಒಂದು ಮಿಷನ್ ಇರುತ್ತದೆ. ನನ್ನ ಡೈನೋ ಚಾಮುಂಡಿ ಬೆಟ್ಟದ ರಸ್ತೆ. ಬೆಳಿಗ್ಗೆ ಆರು ಗಂಟೆಗೆ ಬುಡದಿಂದ ಹೊರಟು, ನಂದಿಯ ಕಡೆಗೆ ದಾರಿ ಕವಲೊಡೆಯುವ ತನಕ ಹತ್ತುವುದು. ಎಲ್ಲಿ ಗೇರ್ ಇಳಿಸಬೇಕಾಯಿತು, ಎಲ್ಲಿ ಉಸಿರು ಕಟ್ಟಿತು, ಕಿಡಿ ಹಾರಿಸುವ ಪ್ಲಗ್ ಯಾವ ಬಣ್ಣಕ್ಕೆ ಬಂತು, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಖರ್ಚು ಅಂದರೆ ಸ್ವಲ್ಪ ಪೆಟ್ರೋಲು, ಮೇಲೆ ಹೋದ ಮೇಲೆ ಒಂದು ಕಾಫಿ.

ಗಾಡಿ 1985ರ ಯೆಜ್ಡಿ ರೋಡ್‌ಕಿಂಗ್. ನಂಜನಗೂಡಿನ ನಮ್ಮ ಮಾವನದು. ಹತ್ತು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು, ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ‘ತಗೊಂಡು ಹೋಗೋ, ನಿಮ್ಮತ್ತೆ ಗುಜರಿಗೆ ಹಾಕ್ತೀನಿ ಅಂತಾಳೆ’ ಅಂದರು. ಗಾಡಿಯನ್ನು ಮನೆಗೆ ತಂದೆ. ನಮ್ಮ ಮೈಸೂರಿನಲ್ಲೇ ಹುಟ್ಟಿದ ಗಾಡಿ ಅಲ್ವಾ! ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಇಲ್ಲಿ ಗಾಡಿ ಮಾಡಲು ಶುರು ಮಾಡಿ, 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಕೆಲಸ ಮಾಡಿದವರು ಊರಲ್ಲಿ ಇನ್ನೂ ಸಿಗುತ್ತಾರೆ. ನನಗೆ ಸಿಕ್ಕವರನ್ನು ಎಲ್ಲರೂ ಭಾಯ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಕಾಗದದ ಮೇಲೆ ರೋಡ್‌ಕಿಂಗ್‌ಗೆ 16 ಹಾರ್ಸ್‌ಪವರ್. 250 ಸಿಸಿ, ಒಂದೇ ಸಿಲಿಂಡರ್, ಅದಕ್ಕೆ ಎರಡು ಸೈಲೆನ್ಸರ್, ನಾಲ್ಕು ಗೇರ್. ನನ್ನ ಗಾಡಿಯಲ್ಲಿ ಅರ್ಧ ಕುದುರೆಗಳು ಎಲ್ಲೋ ಮೇಯಲು ಹೋಗಿದ್ದವು. ಬೆಟ್ಟದ ಮೊದಲ ತಿರುವಿಗೇ ಎರಡನೇ ಗೇರು.

ಇಲ್ಲಿ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ನಾನು ಟೂಲ್‌ರೂಮಿನಲ್ಲಿ ಕೆಲಸ ಮಾಡುವವನು. ಕೈಯಲ್ಲಿ ಅರ ಹಿಡಿದರೆ ಏನಾದರೂ ಉಜ್ಜಬೇಕು ಅನ್ನಿಸುತ್ತದೆ. ಎಕ್ಸಾಸ್ಟ್ ಪೋರ್ಟ್ (ಸಿಲಿಂಡರಿನಿಂದ ಹೊಗೆ ಹೊರಹೋಗುವ ಕಿಂಡಿ) ಎತ್ತರಿಸಿದರೆ ಇಂಥ ಟೂ ಸ್ಟ್ರೋಕ್ ಎಂಜಿನ್ (ಪಿಸ್ಟನ್ ಒಮ್ಮೆ ಮೇಲೆ ಕೆಳಗೆ ಹೋಗುವಷ್ಟರಲ್ಲಿ ಒಂದು ಕಿಡಿ) ಹಾರುತ್ತದೆ ಅಂತ ಎಲ್ಲೋ ನೋಡಿದ್ದೆ. ಸಿಲಿಂಡರ್ ಬ್ಲಾಕ್ ಬಿಚ್ಚಿ, ಎರಡೂ ಪೋರ್ಟುಗಳ ಮೇಲಂಚನ್ನು ಒಂದೂವರೆ ಮಿಲಿಮೀಟರ್ ಉಜ್ಜಿದೆ. ಜೊತೆಗೆ ಏರ್ ಫಿಲ್ಟರ್ ಕಿತ್ತು ಹಾಕಿದೆ. ‘ಗಾಳಿ ಜಾಸ್ತಿ ಹೋಗ್ಲಿ’ ಅಂತ.

ಓಡಿಸಿದರೆ ಮಜಾ ಇತ್ತು, ಸುಳ್ಳು ಹೇಳುವುದಿಲ್ಲ. ಕೆಳಗೆ ಸತ್ತ ಹಾಗಿದ್ದದ್ದು ಮೇಲೆ ಹೋದಂತೆ ಕಿರುಚಿಕೊಂಡು ಓಡುತ್ತಿತ್ತು. ಅದೇ ಹುಮ್ಮಸ್ಸಿನಲ್ಲಿ ಮಾವನಿಗೆ ತೋರಿಸೋಣ ಅಂತ ನಂಜನಗೂಡಿನ ದಾರಿ ಹಿಡಿದೆ. ಕಡಕೊಳ ದಾಟುವವರೆಗೂ ಪೂರ್ತಿ ಎಕ್ಸಲೇಟರ್. ಮುಂದೆ ಹಂಪ್ ಕಂಡಿತು, ಕೈ ಬಿಟ್ಟೆ. ‘ಕೀಂಯ್’ ಅಂತ ಒಂದು ಸದ್ದು, ಹಿಂದಿನ ಚಕ್ರ ಹಿಡಿದುಕೊಂಡಿತು. ಕ್ಲಚ್ ಅದುಮಿದ್ದು ನಾನಲ್ಲ, ನನ್ನ ಕೈಯೇ ತಾನಾಗಿ ಅದುಮಿತು. ಇಲ್ಲದಿದ್ದರೆ ರಸ್ತೆಯಲ್ಲಿ ಅಂಗಾತ ಬಿದ್ದಿರುತ್ತಿದ್ದೆ. ಇಪ್ಪತ್ತು ನಿಮಿಷ ಹುಣಸೆ ಮರದ ಕೆಳಗೆ ಕೂತ ಮೇಲೆ ಕಿಕ್ಕರ್ ಅಲ್ಲಾಡಿತು. ಮೂವತ್ತರ ಸ್ಪೀಡಿನಲ್ಲಿ ವಾಪಸ್ ಬಂದೆ. ಮಾವನಿಗೆ ಏನೂ ತೋರಿಸಲಿಲ್ಲ.

ಬಿಚ್ಚಿದಾಗ ಪಿಸ್ಟನ್ನಿನ ಎಕ್ಸಾಸ್ಟ್ ಕಡೆ ಅಲ್ಯುಮಿನಿಯಂ ಬೆಣ್ಣೆ ಸವರಿದ ಹಾಗೆ ಬ್ಲಾಕಿಗೆ ಹತ್ತಿತ್ತು. ಭಾಯ್ ಅದನ್ನು ಬೆಳಕಿಗೆ ಹಿಡಿದು ನೋಡಿ, ‘ಏನಪ್ಪಾ, ಇದೇನು ಎಂಜಿನ್ನೋ ಸೌದೆ ಒಲೆಯೋ? ಗಾಳಿ ಊದಿದೀಯಾ ಸರಿ, ಎಣ್ಣೆ ಎಲ್ಲಿ?’ ಅಂದರು.

ಅವರು ಹೇಳಿದ್ದರಲ್ಲೇ ಎಲ್ಲ ಇದೆ. ಈ ಗಾಡಿಗೆ ಪೆಟ್ರೋಲಿನಲ್ಲೇ ಆಯಿಲ್ ಕಲಸಿ ಹಾಕುತ್ತೇವೆ. ಎಕ್ಸಲೇಟರ್ ಮುಚ್ಚಿದರೆ ಪೆಟ್ರೋಲ್ ಜೊತೆ ಆಯಿಲ್ಲೂ ನಿಲ್ಲುತ್ತದೆ. ಎಂಜಿನ್ ಮಾತ್ರ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ. ಫಿಲ್ಟರ್ ತೆಗೆದಿದ್ದರಿಂದ ಗಾಳಿ ಜಾಸ್ತಿಯಾಗಿ, ಗಾಳಿ-ಪೆಟ್ರೋಲ್ ಮಿಶ್ರಣ ಮೊದಲೇ ತೆಳುವಾಗಿತ್ತು. ತೆಳು ಮಿಶ್ರಣ ಅಂದರೆ ಬಿಸಿ ಜಾಸ್ತಿ, ಎಣ್ಣೆ ಕಮ್ಮಿ. ಹಳಬರು ಬೆಟ್ಟ ಇಳಿಯುವಾಗ ಆಗಾಗ ಎಕ್ಸಲೇಟರ್ ಒಂದು ಸಲ ತಿರುವಿ ಬಿಡುವುದು ಶೋಕಿಗಲ್ಲ, ಪಿಸ್ಟನ್ನಿಗೆ ಒಂದು ಗುಟುಕು ಎಣ್ಣೆ ಕುಡಿಸುವುದಕ್ಕೆ.

ಪೋರ್ಟ್ ಎತ್ತರಿಸಿದ್ದರಿಂದ ಇನ್ನೊಂದು ನಷ್ಟ. ಪೋರ್ಟ್ ಬೇಗ ತೆರೆದರೆ ಮೇಲಿನ ಆರ್‌ಪಿಎಮ್ಮಿನಲ್ಲಿ (ಎಂಜಿನ್ ಜೋರಾಗಿ ತಿರುಗುವಾಗ) ಶಕ್ತಿ ಬರುತ್ತದೆ, ಕೆಳಗಿನ ಎಳೆತ ಹೋಗುತ್ತದೆ. ರೋಡ್‌ಕಿಂಗ್‌ನ ಜೀವಾಳವೇ ಆ ಕೆಳಗಿನ ಎಳೆತ. ಯಮಹಾ ಆರ್‌ಎಕ್ಸ್ 100 ಓಡಿಸುವವರಿಗೆ ಬೇಕಾದ್ದು ಬೇರೆ. ನಾನು ಎತ್ತಿನ ಕಾಲಿಗೆ ಓಟದ ಕುದುರೆಯ ಲಾಳ ಹೊಡೆದಿದ್ದೆ. ಉಜ್ಜಿದ ಲೋಹ ವಾಪಸ್ ಬರುವುದಿಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಎರಡು ಭಾನುವಾರ ಅಲೆದು ಬೇರೆ ಬ್ಲಾಕ್ ತಂದೆ. 0.50 ಮಿಲಿಮೀಟರ್ ದೊಡ್ಡ (ಓವರ್‌ಸೈಜ್) ಪಿಸ್ಟನ್ ಹಾಕಿ, ಅದರ ಅಳತೆಗೆ ಸಿಲಿಂಡರ್ ಬೋರಿಂಗ್ ಮಾಡಿಸಿದೆ. ಈ ಸಲ ಪೋರ್ಟುಗಳ ಅಂಚಿನಲ್ಲಿ ಎರಕದ ಮುಳ್ಳು ಇದ್ದದ್ದನ್ನು ಮಾತ್ರ ಸವರಿದೆ. ಪಿಸ್ಟನ್ ರಿಂಗ್ ಸಿಕ್ಕಿಕೊಳ್ಳದ ಹಾಗೆ ಅಂಚನ್ನು ಚೂರು ಮೊಂಡು ಮಾಡಿದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಕೂರುವ ಜಾಗದಲ್ಲಿ ಪ್ಯಾಕಿಂಗ್ ಒಳಕ್ಕೆ ಚಾಚಿಕೊಂಡಿತ್ತು, ಬ್ಲೇಡಿನಲ್ಲಿ ಕತ್ತರಿಸಿದೆ. ಅಷ್ಟೇ. ಅರ ವಾಪಸ್ ಪೆಟ್ಟಿಗೆಗೆ.

ಆಮೇಲೆ ಭಾಯ್ ಕೇಳಿದ ಪ್ರಶ್ನೆ: ‘ಸೀಲ್ ನೋಡಿದ್ಯಾ?’

ನೋಡಿರಲಿಲ್ಲ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸೇ, ಪಂಪು. ಪಿಸ್ಟನ್ ಮೇಲೆ ಹೋದಾಗ ಮಿಶ್ರಣ ಅಲ್ಲಿಗೆ ಬರುತ್ತದೆ, ಕೆಳಗೆ ಬಂದಾಗ ಒತ್ತಿಸಿಕೊಂಡು ಮೇಲಕ್ಕೆ ಹೋಗುತ್ತದೆ. ಕ್ರ್ಯಾಂಕಿನ ಎರಡೂ ಬದಿಯ ರಬ್ಬರ್ ಸೀಲ್ ಸವೆದಿದ್ದರೆ ಪಂಪಿಗೇ ತೂತು. ಎಡಗಡೆ ಸೀಲ್ ಹೋದರೆ ಕ್ಲಚ್ ಕಡೆಯ ಆಯಿಲ್ ಎಳೆದುಕೊಂಡು ಹೊಗೆ ಉಗುಳುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಬಲಗಡೆಯದು ಹೋದರೆ ಬರೀ ಗಾಳಿ ಎಳೆಯುತ್ತದೆ, ಏನೂ ಕಾಣುವುದಿಲ್ಲ. ನೀವು ಕಾರ್ಬೊರೇಟರಿನ ಸ್ಕ್ರೂ ತಿರುಗಿಸುತ್ತಾ ಕೂರುತ್ತೀರಿ, ನಿಂತಲ್ಲಿನ ಓಟ (ಐಡ್ಲಿಂಗ್) ಒಂದು ಸಲ ಏರುತ್ತದೆ, ಒಂದು ಸಲ ಇಳಿಯುತ್ತದೆ.

ಇದನ್ನು ಹಿಡಿದದ್ದು ಅಮ್ಮನ ಹಳೇ ಬಿಪಿ ಮಿಷನ್ನಿನಿಂದ. ಕಾರ್ಬೊರೇಟರ್ ಕಳಚಿ, ಆ ಬಾಯಿಗೂ ಎರಡು ಎಕ್ಸಾಸ್ಟ್ ಬಾಯಿಗಳಿಗೂ ಸೈಕಲ್ ಟ್ಯೂಬಿನ ತುಂಡು ಇಟ್ಟು, ತಗಡಿನ ಪಟ್ಟಿಯಿಂದ ಬಿಗಿದೆ. ಪಿಸ್ಟನ್ ಪೂರ್ತಿ ಕೆಳಗಿಳಿಸಿದೆ, ಆಗ ಸಿಲಿಂಡರಿಗೂ ಕ್ರ್ಯಾಂಕ್‌ಕೇಸಿಗೂ ದಾರಿ ತೆರೆದಿರುತ್ತದೆ. ಹಳೇ ಪ್ಲಗ್ಗಿನ ಹೊಟ್ಟೆ ಕೊರೆದು ಪೈಪ್ ಸಿಗಿಸಿ, ಬಿಪಿ ಮಿಷನ್ನಿನ ರಬ್ಬರ್ ಬುರುಡೆ ಒತ್ತಿದೆ. ಮುಳ್ಳು 280ಕ್ಕೆ ಏರಿತು. ನೋಡುತ್ತಿದ್ದ ಹಾಗೆ 200, 150, 90. ಬಲಗಡೆ ಮುಚ್ಚಳ ತೆಗೆದು ಸೋಪಿನ ನೀರು ಸವರಿದರೆ ಸೀಲಿನ ಸುತ್ತ ಸಣ್ಣ ಗುಳ್ಳೆಗಳು, ದೋಸೆ ಹಂಚಿನ ಮೇಲೆ ಬರುವ ಹಾಗೆ. ಅಮ್ಮ ಅಡುಗೆ ಮನೆ ಬಾಗಿಲಲ್ಲಿ ನಿಂತು ‘ನಿನ್ನ ಗಾಡಿಗೂ ಬಿಪಿನಾ?’ ಅಂದರು. ಲೋ ಬಿಪಿ.

ಎರಡೂ ಸೀಲ್ ಬದಲಾಯಿಸಿದೆವು. ಎಡಗಡೆಯದಕ್ಕೆ ಕ್ಲಚ್ ಬಿಚ್ಚಬೇಕು, ಒಂದು ಇಡೀ ಭಾನುವಾರ ಹೋಯಿತು. ಮತ್ತೆ ಪಂಪ್ ಮಾಡಿದಾಗ ಮುಳ್ಳು ಐದು ನಿಮಿಷ ಅಲ್ಲಾಡಲಿಲ್ಲ. ಗಾಡಿಗೆ ಬಂದ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇದೊಂದರಿಂದಲೇ ಅಂತ ನನ್ನ ಲೆಕ್ಕ.

ಸೈಲೆನ್ಸರ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಒಳಗಿನ ಜಾಲರಿ ಕೊಳವೆಗಳಲ್ಲಿ ಬೆರಳು ದಪ್ಪ ಕರಿ ಕಟ್ಟಿತ್ತು. ಬೆರಣಿ ಬೆಂಕಿಯಲ್ಲಿಟ್ಟು ಸುಟ್ಟು, ತಟ್ಟಿ ಉದುರಿಸಿದೆ. ಕೆಲವರು ಆ ಕೊಳವೆಯನ್ನೇ ಕಿತ್ತೆಸೆಯುತ್ತಾರೆ. ಸದ್ದು ಜಾಸ್ತಿಯಾಗುತ್ತದೆ, ಶಕ್ತಿಯಲ್ಲ. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರಿನಿಂದ ವಾಪಸ್ ಬರುವ ಒತ್ತಡವೇ ಹೊರಗೆ ಓಡಲು ಹೊರಟ ಹೊಸ ಮಿಶ್ರಣವನ್ನು ತಡೆದು ಒಳಗೆ ತಳ್ಳುತ್ತದೆ. ಅದನ್ನು ಕೆಡಿಸಿಕೊಂಡು, ಪೊಲೀಸರಿಗೆ ದಂಡವನ್ನೂ ಕಟ್ಟುವುದು ಯಾವ ಬುದ್ಧಿವಂತಿಕೆಯೋ.

ಇನ್ನು ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಹೊತ್ತು. ಕರೆಂಟಿನ ಪಾಯಿಂಟ್ ತೆರೆದ ಕ್ಷಣವೇ ಕಿಡಿ. ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚಿ, ಅಳತೆಯ ಡಯಲ್ ಗೇಜನ್ನು ನೇರ ಪಿಸ್ಟನ್ ಮೇಲೆ ಕೂರಿಸಿದೆ. ಭಾಯ್ ಹೇಳಿದ ಲೆಕ್ಕ, ಪಿಸ್ಟನ್ ತುದಿ ಮುಟ್ಟುವುದಕ್ಕೆ 3 ಮಿಲಿಮೀಟರ್ ಮುಂಚೆ ಪಾಯಿಂಟ್ ತೆರೆದುಕೊಳ್ಳಬೇಕು. ಮೊದಲು ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರಿಗೆ ಇಡಬೇಕು, ಆಮೇಲೆ ಟೈಮಿಂಗ್. ತಿರುಗಾಮುರುಗಾ ಮಾಡಿದರೆ ಕೆಲಸ ಕೆಟ್ಟಿತು. ಗ್ಯಾಪ್ ಜಾಸ್ತಿ ಮಾಡಿದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕೂರಿಸಿದ ಟೈಮಿಂಗ್ ಮುಂದಕ್ಕೆ ಹೋಗುತ್ತದೆ. ಮೊದಲ ಸಲ ನಾನು ಮಾಡಿದ್ದು ಅದನ್ನೇ.

ನಾನು ಬ್ಯಾಟರಿ, ಬಲ್ಬ್ ಕಟ್ಟಿ ಪಾಯಿಂಟ್ ತೆರೆಯುವ ಕ್ಷಣ ಹಿಡಿಯುತ್ತಿದ್ದೆ. ಭಾಯ್ ಸುಮ್ನೆ ನೋಡುತ್ತಿದ್ದರು. ಆಮೇಲೆ ಸಿಗರೇಟ್ ಪ್ಯಾಕಿನ ಒಳಗಿನ ತೆಳು ಹಾಳೆ ಹರಿದು, ಪಾಯಿಂಟುಗಳ ನಡುವೆ ಸಿಗಿಸಿ, ಎರಡು ಬೆರಳಿನಲ್ಲಿ ಮೆಲ್ಲಗೆ ಎಳೆದು ಹಿಡಿದರು. ಇನ್ನೊಂದು ಕೈಯಲ್ಲಿ ಎಂಜಿನ್ ನಿಧಾನ ತಿರುಗಿಸಿದರು. ಹಾಳೆ ಸಡಿಲವಾಗಿ ಜಾರಿದ ಕ್ಷಣ ನಿಲ್ಲಿಸಿ, ‘ಈಗ ನಿನ್ನ ಗಡಿಯಾರ ನೋಡು’ ಅಂದರು. ಡಯಲ್ಲಿನಲ್ಲಿ 2.95.

ಕೊನೆಗೆ ಕಾರ್ಬೊರೇಟರ್. ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ. ಗಾಳಿ ಸೋರುವ, ಟೈಮಿಂಗ್ ತಪ್ಪಿದ ಎಂಜಿನ್ನಿಗೆ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಬದಲಾಯಿಸುವುದೆಂದರೆ ಒಡೆದ ಕೊಡಕ್ಕೆ ನೀರು ತುಂಬಿಸಿದ ಹಾಗೆ. ನನ್ನದರಲ್ಲಿದ್ದ ಮೇನ್ ಜೆಟ್ಟಿನ ತೂತಿಗೆ ಹಿಂದೆ ಯಾರೋ ಸೂಜಿ ಹಾಕಿ ಅಗಲ ಮಾಡಿದ್ದರು, ನಂಬರೂ ಅಳಿಸಿತ್ತು. ಬಿಸಾಕಿ, ಐದು ಸೈಜಿನ ಜೆಟ್ ತಂದೆ. ಏರ್ ಫಿಲ್ಟರ್ ವಾಪಸ್ ಹಾಕಿದೆ. ಎಕ್ಸಲೇಟರ್ ಹಿಡಿಗೆ ಬಿಳಿ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ಗೆರೆ ಎಳೆದೆ. ಯಾಕೆಂದರೆ ಪ್ರತಿ ಗೆರೆಗೂ ಯಜಮಾನ ಬೇರೆ. ಮುಚ್ಚಿದಲ್ಲಿಂದ ಕಾಲಿನ ಹತ್ತಿರದವರೆಗೆ ಸಣ್ಣದಾದ ಪೈಲಟ್ ಜೆಟ್, ಏರ್ ಸ್ಕ್ರೂ ಮತ್ತು ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡಿನ ಕೊರೆ. ಕಾಲಿನಿಂದ ಮುಕ್ಕಾಲಿನವರೆಗೆ ಆ ಸ್ಲೈಡಿಗೆ ಕ್ಲಿಪ್ಪಿನಿಂದ ಸಿಕ್ಕಿಸಿದ ಸೂಜಿ. ಅಲ್ಲಿಂದ ಮೇಲೆ ಮೇನ್ ಜೆಟ್. ಅರ್ಧದಲ್ಲಿ ಗಾಡಿ ತಡವರಿಸಿದರೆ ಮೇನ್ ಜೆಟ್ ಬದಲಾಯಿಸಿ ಪ್ರಯೋಜನವಿಲ್ಲ, ಸೂಜಿಯ ಕ್ಲಿಪ್ ಒಂದು ಕಚ್ಚು ಮೇಲೆ ಕೆಳಗೆ ಮಾಡಬೇಕು.

ಪರೀಕ್ಷೆ ಹೀಗೆ. ಹೊಸ ಪ್ಲಗ್ ಹಾಕಿ, ಬೆಟ್ಟದ ನೇರ ಏರಿನಲ್ಲಿ ಪೂರ್ತಿ ತಿರುವಿ ಹತ್ತುವುದು. ಎಂಜಿನ್ ಇನ್ನೂ ಎಳೆಯುತ್ತಿರುವಾಗಲೇ ಕ್ಲಚ್ ಹಿಡಿದು ಕೀ ಆಫ್ ಮಾಡುವುದು. ಐಡ್ಲಿಂಗಿಗೆ ಬಿಟ್ಟರೆ ಬಣ್ಣ ಬದಲಾಗಿ ಮೋಸವಾಗುತ್ತದೆ. ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡುವುದು. ಮೊದಲ ಜೆಟ್ಟಿಗೆ ವಿಭೂತಿ ಬಣ್ಣ, ಅಂದರೆ ತೆಳು, ಅಪಾಯ. ಅಲ್ಲಿಂದಲೇ ವಾಪಸ್. ಎರಡು ಸೈಜ್ ದೊಡ್ಡದಕ್ಕೆ ಕಾಡಿಗೆ. ನಡುವಿನದಕ್ಕೆ ಮಂಡ್ಯದ ಅಚ್ಚು ಬೆಲ್ಲದ ಬಣ್ಣ. ವಾಕಿಂಗ್ ಬಂದ ಹಿರಿಯರೊಬ್ಬರು ಮೂರು ದಿನವೂ ಅದೇ ಜಾಗದಲ್ಲಿ ನನ್ನನ್ನು ನೋಡಿ, ‘ದಿನಾ ಇಲ್ಲೇ ಕೆಟ್ಟು ನಿಲ್ಲುತ್ತಲ್ಲಪ್ಪಾ, ಮಾರಿಬಿಡು’ ಅಂದರು.

ಆಯಿಲ್ ವಿಷಯದಲ್ಲಿ ಒಂದು ಮಾತು. ಪಿಸ್ಟನ್ ಹಿಡಿದುಕೊಂಡ (ಸೀಜ್ ಆದ) ಹೆದರಿಕೆಗೆ ಲೀಟರಿಗೆ 60 ಎಂಎಲ್ ಹಾಕುತ್ತಿದ್ದೆ. ಭಾಯ್ ಬೈದು 40ಕ್ಕೆ ಇಳಿಸಿದರು. ಜೆಟ್ಟಿನ ತೂತು ಅಷ್ಟೇ ಇರುವಾಗ ಆಯಿಲ್ ಜಾಸ್ತಿಯಾದರೆ ಪೆಟ್ರೋಲ್ ಕಮ್ಮಿಯಾಗುತ್ತದೆ, ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಕಾಪಾಡಲು ಹಾಕಿದ ಎಣ್ಣೆಯೇ ಬಿಸಿ ಏರಿಸುತ್ತದೆ. ಇದು ನನ್ನ ತಲೆಗೆ ಹೋಗಲು ಎರಡು ದಿನ ಹಿಡಿಯಿತು.

ಈಗ ಲೆಕ್ಕ ಹೀಗಿದೆ. ಬೆಟ್ಟದ ನೇರ ಏರುಗಳು ನಾಲ್ಕನೇ ಗೇರಿನಲ್ಲಿ, ತಿರುವುಗಳು ಮೂರರಲ್ಲಿ. ಎರಡಕ್ಕೆ ಇಳಿಸುವುದು ಮುಂದೆ ಬಸ್ ಸಿಕ್ಕಿದರೆ ಮಾತ್ರ. ಲೀಟರಿಗೆ 22 ಕೊಡುತ್ತಿದ್ದದ್ದು 28 ಕೊಡುತ್ತಿದೆ. ಹದಿನಾರೂ ಕುದುರೆ ವಾಪಸ್ ಬಂದಿವೆಯೋ ಗೊತ್ತಿಲ್ಲ, ಹದಿನಾಲ್ಕಾದರೂ ಕೊಟ್ಟಿಗೆ ಸೇರಿವೆ.

ಬಂಕಿನಲ್ಲಿ ಈಗ ಸಿಗುವುದು 20 ಪರ್ಸೆಂಟ್ ಎಥೆನಾಲ್ ಇರುವ ಪೆಟ್ರೋಲು. ಎಥೆನಾಲಿನೊಳಗೇ ಆಕ್ಸಿಜನ್ ಇರುವುದರಿಂದ ಅದೇ ಜೆಟ್ಟಿಗೆ ಮಿಶ್ರಣ ತೆಳುವಾಗುತ್ತದೆ. ಹೋದ ತಿಂಗಳು ಪ್ಲಗ್ ತೆಗೆದು ನೋಡಿದರೆ ಬೆಲ್ಲ ಸ್ವಲ್ಪ ಬಿಳಿಚಿಕೊಂಡಿತ್ತು. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದ್ದೇನೆ. ಅರ್ಧದ ಗೆರೆಯಲ್ಲಿ ಇನ್ನೂ ಚೂರು ತಡವರಿಕೆ ಇದೆ, ಸೂಜಿ ಒಂದು ಕಚ್ಚು ಎತ್ತಬೇಕು. ಎಥೆನಾಲ್ ನೀರು ಹೀರುತ್ತದೆ ಅಂತ, ವಾರ ಪೂರ್ತಿ ನಿಲ್ಲಿಸುವ ಹಾಗಿದ್ದರೆ ಪೆಟ್ರೋಲ್ ಟ್ಯಾಂಕಿನ ನಲ್ಲಿಯನ್ನು ಬಂದ್ ಮಾಡಿ, ಕಾರ್ಬೊರೇಟರ್ ಬಟ್ಟಲು ಖಾಲಿಯಾಗಿ ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಬಿಡುತ್ತೇನೆ. ಭಾನುವಾರ ಬೆಳಿಗ್ಗೆ ಮತ್ತೆ ಬೆಟ್ಟ. ಆ ಹಿರಿಯರು ಸಿಗುತ್ತಾರೆ, ಮಾರಿದ್ಯಾ ಅಂತ ಕೇಳುತ್ತಾರೆ.